ಈ ಚೀನೀ ಅಕ್ಷರ ಯಾರ ಪೈಕಿ?

ಜಲನಗರದ ನನ್ನ ಬಾಡಿಗೆ ಕೋಣೆಯ ಕಿಟಕಿಯಲ್ಲಿ ಒಣದ್ರಾಕ್ಷಿ ತುಂಬಿದ ಒಂದು ಸ್ಟೀಲಿನ ಡಬ್ಬಿಯಿದೆ. ಟಿಕೋಟಾದ ಒಣದ್ರಾಕ್ಷಿಯೆಂದರೆ ಹಸಿರು ಬೆರೆತ ಹೊಂಬಣ್ಣದ್ದೆಂಬುದನ್ನು ತಾವು ಬಲ್ಲಿರಿ, ಗೆಳೆಯರೇ. ಇವು ಮಾತ್ರ ಕಾಫಿಬೀಜದಂತೆ ಕಪ್ಪಗಿವೆ. ಈ ಕಪ್ಪಿನ ಹಿಂದೆ ನನ್ನ ವಿದ್ಯಾಭ್ಯಾಸವಿದೆ.

ನಮ್ಮ ಮನೆತನದಲ್ಲಿ ಪದವಿಯವರೆಗೆ ಓದಿದವಳು ನಾನೊಬ್ಬಳೇ. ಆದಕಾರಣ ಒಂದು ವಾಕ್ಯವನ್ನು ಆಡುವ ಮುನ್ನ ಅದನ್ನು ಮನಸ್ಸಿನಲ್ಲೇ ಇಸ್ತ್ರಿ ಮಾಡಿಕೊಳ್ಳುವ ಅಭ್ಯಾಸ ನನ್ನದು. ನಮ್ಮ ಸೀಮೆಯವರಿಗೋ ಇಸ್ತ್ರಿ ಮುಗಿಯುವಷ್ಟು ವ್ಯವಧಾನವಿಲ್ಲ. "ಯಾವೂರ್ರಿ? ಯಾರ ಪೈಕಿ?" ಎಂದು ಕೇಳುತ್ತಾರೆ, ಕನಮಡಿಯ ಇಂಥವರ ಮಗಳೆಂದು ತಿಳಿದೊಡನೆ ನನ್ನ ಬುದ್ಧಿ, ನಡತೆ, ನಮ್ಮ ಮನೆಯ ಸಾರಿನ ಖಾರ ಎಲ್ಲವೂ ಅವರಿಗೆ ಮನವರಿಕೆಯಾಗಿಬಿಡುತ್ತದೆ. ಪದವಿ ಪ್ರಮಾಣಪತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ಇದರಿಂದ ಬೇಸತ್ತು, ನಮ್ಮ ಪೈಕಿ ಯಾರೂ ಮುಟ್ಟದ ವಿದ್ಯೆಯೊಂದನ್ನು ಕಲಿಯಬೇಕೆಂಬ ಹಟದಿಂದ, ಮೊಬೈಲಿನಲ್ಲಿ ಚೀನೀ ಲಿಪಿಯ ಅಭ್ಯಾಸಕ್ಕೆ ಕುಳಿತೆ. ಮೊದಲ ಪಾಠವೇ ನನ್ನನ್ನು ಕನಮಡಿಯ ಕಟ್ಟೆಗೆ ತಂದು ಕೂರಿಸಿತು. ಆ ಅಕ್ಷರಗಳಿಗೂ ಮನೆತನಗಳಿವೆ! ಪ್ರತಿ ಅಕ್ಷರದೊಳಗೂ ಮೂಲಾಂಗವೆಂಬ ಗುರುತೊಂದು ಕುಳಿತಿರುತ್ತದೆ. ನಿಘಂಟಿನಲ್ಲಿ ಅಕ್ಷರವನ್ನು ಹುಡುಕುವವರು ಮೊದಲು ಅದು ಯಾರ ಪೈಕಿ ಎಂದು ವಿಚಾರಿಸಬೇಕು. ಎಡಕ್ಕೆ ಮೂರು ಹನಿಗಳಿದ್ದರೆ ನೀರಿನವರು, ಚೌಕವಿದ್ದರೆ ಬಾಯಿಯವರು, ಓರೆಯಾಗಿ ನಿಂತ ಆಕೃತಿಯಿದ್ದರೆ ಮನುಷ್ಯರು. ಸೂರಿನ ಕೆಳಗೆ ಹಂದಿಯಿದ್ದರೆ ಮನೆ, ಹೆಂಗಸಿದ್ದರೆ ಶಾಂತಿ. ಆ ಶಾಂತಿಗಾಗಿ ಹೆಂಗಸು ಎಷ್ಟು ನಸುಕಿನಲ್ಲಿ ಏಳಬೇಕೆಂಬುದನ್ನು ಲಿಪಿ ಮಾಡಿದವರು ಬರೆದಿಲ್ಲ.

ಇಂಥ ಸಾಮಾನ್ಯ ಮೂಲಾಂಗಗಳಷ್ಟೇ ನನಗೆ ಬಾಯಿಪಾಠವಾಗಿದ್ದ ದಿನಗಳಲ್ಲಿ, ಟಿಕೋಟಾದ ನನ್ನ ಸೋದರಮಾವ ಬಬಲೇಶ್ವರದ ವ್ಯಾಪಾರಿಯೊಬ್ಬರಿಂದ ಒಣದ್ರಾಕ್ಷಿಯನ್ನು ತೊಳೆದು ಬಿಸಿಗಾಳಿಯಲ್ಲಿ ಒಣಗಿಸುವ ಹಳೆಯ ಚೀನೀ ಯಂತ್ರವೊಂದನ್ನು ತಂದರು. ಆ ಸುಗ್ಗಿಯ ಮಾಲೆಲ್ಲ ಅದರ ಮುಂದೆ ಕಾದಿತ್ತು. ಅಂದು ನಾನೂ ಮಾವನ ಮನೆಯಲ್ಲಿದ್ದೆ. ಗುಂಡಿಗಳ ಮೇಲೆ ಬರೀ ಚೀನೀ ಅಕ್ಷರ. ಮೆಕ್ಯಾನಿಕ್ ಮರುದಿನ ಬರುವವನಿದ್ದ. ನಮ್ಮತ್ತೆಗೆ ಅಷ್ಟು ತಾಳ್ಮೆಯಿಲ್ಲ.

"ಮೆಕ್ಯಾನಿಕ್ ಯಾಕ ಬೇಕ್ರಿ? ಚೀನಾ ಓದಿದಾಕಿ ಮನ್ಯಾಗ ಕುಂತಾಳ."

ಶೆಡ್ಡಿನ ಆಳುಗಳೆಲ್ಲ ನೆರೆದರು. ಗೊತ್ತಿಲ್ಲವೆಂದರೆ ನನ್ನ ಪದವಿಗೇ ಅವಮಾನ. ದೊಡ್ಡ ಗುಂಡಿಯ ಮೇಲಿನ ಅಕ್ಷರವನ್ನು ದಿಟ್ಟಿಸಿದೆ. ಎಡಕ್ಕೆ ಮೂರು ಹನಿಗಳು ಕಂಡವು. "ಇದು ಜಲಕ್ಕೆ ಸಂಬಂಧಿಸಿದ್ದು, ಮಾಮಾ" ಎಂದು ಪುಸ್ತಕದ ಕನ್ನಡದಲ್ಲಿ ಘೋಷಿಸಿದೆ.

"ಹಂಗಾರ ಜೋರ ಬಿಡೂನು. ಸ್ವಚ್ಛ ತೊಳೀಲಿ" ಎಂದು ಮಾವ ಗುಂಡಿಯನ್ನು ತುದಿಯವರೆಗೆ ತಿರುವಿದರು.

ನೀರು ಬರಲಿಲ್ಲ; ಸುಟ್ಟ ಬೆಲ್ಲದ ವಾಸನೆ ಬಂತು. ಆಮೇಲೆ ನಿಘಂಟಿನಲ್ಲಿ ಹುಡುಕಿದರೆ ಆ ಅಕ್ಷರದ ಅರ್ಥ ಬಿಸುಪು; ಮೂರು ಹನಿಗಳು ಅದರ ಮನೆತನದ ಗುರುತು, ಅಷ್ಟೇ. ಜನ ನನ್ನನ್ನು ಓದುವ ರೀತಿಗೆ ಇಷ್ಟು ವರ್ಷ ಮುನಿಸಿಕೊಂಡಿದ್ದ ನಾನು, ಒಂದು ಬಡ ಅಕ್ಷರವನ್ನು ಅದೇ ರೀತಿಯಲ್ಲಿ ಓದಿ, ಯಂತ್ರಕ್ಕೆ ಮೊದಲ ಸಲ ಹಾಕಿದ ದ್ರಾಕ್ಷಿಯನ್ನೆಲ್ಲ ಕಪ್ಪಾಗಿಸಿದ್ದೆ.

ಮರುದಿನ ಮೆಕ್ಯಾನಿಕ್ ಬಂದು ಯಂತ್ರದ ಬಾಯಿಯನ್ನು ಮೂಸಿದ. "ಹೊರಗಿನವ್ರು ಯಾರರೆ ಕೈ ಹಾಕ್ಯಾರೇನ್ರಿ ಇದಕ್ಕ?"

ಅತ್ತೆ ಸೆರಗು ಸರಿಪಡಿಸಿಕೊಂಡು ಬೇರೆಡೆ ನೋಡಿದರು. ನಾನು ಒಂದು ಕ್ಷಮಾಪಣೆಯ ವಾಕ್ಯಕ್ಕೆ ಇಸ್ತ್ರಿ ಹಾಕುತ್ತಿದ್ದೆ. ಅದು ಮುಗಿಯುವುದರೊಳಗೆ ಮಾವನೇ ಹೇಳಿದರು:

"ಹೊರಗಿನವ್ರು ಯಾರೂ ಇಲ್ಲಪಾ. ನಮ್ಮ ಪೈಕಿ ಹುಡುಗೀನ. ಓದಾಕತ್ತಾಳ, ಇನ್ನಾ ಮುಗದಿಲ್ಲ."

ನಾನು ಇಷ್ಟು ಕಾಲ ತಪ್ಪಿಸಿಕೊಂಡು ತಿರುಗಿದ್ದ ಆ ಪದದ ಹಿಂದೆ ನಿಂತು, ಅಂದು ಮೊದಲ ಬಾರಿಗೆ ನಿರಾಳವಾಗಿ ಉಸಿರಾಡಿದೆ.

ಉಳಿದ ಮಾಲು ಹೊಂಬಣ್ಣದಲ್ಲೇ ಪೇಟೆಗೆ ಹೋಯಿತು. ಕರಿಯ ಹಣ್ಣನ್ನು ಅತ್ತೆ ಡಬ್ಬಿಗಳಲ್ಲಿ ತುಂಬಿ ಬಂಧುಗಳಿಗೆಲ್ಲ ಹಂಚಿದರು. ನನ್ನ ಪಾಲಿನದೇ ಈ ಕಿಟಕಿಯಲ್ಲಿರುವುದು. ತಾವು ಎಂದಾದರೂ ಬಂದರೆ ಒಂದು ಹಿಡಿ ಕೊಡುವೆ. ಬಣ್ಣವನ್ನು ಕಂಡು ಇವು ಎಲ್ಲಿಯವೆಂದು ತಾವು ಹುಬ್ಬೇರಿಸಿದರೆ, ಯಾವ ವಾಕ್ಯಕ್ಕೂ ಇಸ್ತ್ರಿ ಹಾಕದೆ ಹೇಳುವೆ: ನಮ್ಮ ಪೈಕೀನ ಅದಾವ್ರಿ, ತಿನ್ರಿ.