ಗೆರೆಯಾಚೆಯ ಓಟ

ನಮ್ಮ ಮನೆಯಲ್ಲಿ ಭಾನುವಾರದ ಬಟ್ಟೆ ನನ್ನ ಪಾಲಿನದು. ಮೊನ್ನೆ ಭಾನುವಾರ ಬೆಳಿಗ್ಗೆ ಒಗೆಯುವ ಕಲ್ಲಿನ ಮೇಲೆ ಮಗಳ ಕಾಲುಚೀಲ ಹರವಿದಾಗ ಮೂಗಿಗೆ ಸುಣ್ಣದ ವಾಸನೆ ಬಡಿಯಿತು. ಹಿಂದಿನ ದಿನ ಶಿಕಾರಿಪುರದಲ್ಲಿ ಮಕ್ಕಳ ಫುಟ್‌ಬಾಲ್ ಪಂದ್ಯವಿತ್ತು. ಜುಲೈ ತಿಂಗಳ ಮೈದಾನ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಉಳಿದ ಮಕ್ಕಳೆಲ್ಲ ಮೊಣಕಾಲುದ್ದ ಕೆಸರು ಹೊತ್ತು ಮನೆಗೆ ಹೋದರು. ಹನ್ನೊಂದು ವರ್ಷದ ನನ್ನ ಮಗಳು ಪೂರ್ವಿಯ ಕಾಲುಚೀಲದಲ್ಲಿ ಮಾತ್ರ ಕೆಸರಿನ ಒಂದು ಚುಕ್ಕೆಯೂ ಇರಲಿಲ್ಲ. ಹಿಮ್ಮಡಿಯ ಸುತ್ತ ಬಿಳಿ ಸುಣ್ಣ ಮೆತ್ತಿಕೊಂಡಿತ್ತು, ಅಷ್ಟೆ. ಮೈದಾನದ ಅಂಚಿಗೆ ಎಳೆದ ಸುಣ್ಣದ ಗೆರೆಯ ಆಚೆ, ಹುಲ್ಲಿನ ಮೇಲೆ, ಅವಳು ಆಟದ ಅರ್ಧ ಹೊತ್ತು ಅತ್ತಿಂದಿತ್ತ ಓಡುತ್ತಲೇ ಇದ್ದಳು. ಕೋಚ್ ಅವಳಿಗೆ ವಾರ್ಮ್-ಅಪ್ ಮಾಡುತ್ತಿರಲು ಹೇಳಿದ್ದರು. ಹೇಳಿದವರು ಒಳಗೆ ಕರೆಯಲೇ ಇಲ್ಲ.

ನಾನು ಸುಮ್ಮನಿದ್ದೆನೆಂದು ತಿಳಿಯಬೇಡಿ. ಪೋಷಕರು ಹಗ್ಗದ ಹಿಂದೆಯೇ ನಿಲ್ಲಬೇಕು, ಕೂಗಬಾರದು, ಸಲಹೆ ಕೊಡಬಾರದು ಎಂದು ಮೊದಲೇ ಹೇಳಿದ್ದರು. ಮೂರನ್ನೂ ಹತ್ತು ನಿಮಿಷದಲ್ಲಿ ಮುರಿದೆ. ಪಂದ್ಯ ಮುಗಿದ ಮೇಲೆ ಆ ಕೋಚ್ ಹುಡುಗನನ್ನು ಅಡ್ಡಗಟ್ಟಿ, "ಎರಡನೇ ಹಾಫಲ್ಲಿ ಇಳಿಸ್ತೀನಿ ಅಂದಿದ್ರಲ್ಲ?" ಎಂದು ಕೇಳಿದೆ.

"ಮ್ಯಾಚ್ ಟೈಟ್ ಇತ್ತಲ್ರೀ ಸರ್. ಮುಂದಿನ ಸಲ ನೋಡೋಣಂತ," ಎಂದ ಅವನು.

ಜಗಳಕ್ಕೆಂದು ಹೋದವನು ಪೂರ್ವಿಯ ಕೈ ಹಿಡಿದು ಬೈಕಿನ ಕಡೆ ತಿರುಗಿದೆ. ಆ ಮಾತು ಅವನದಲ್ಲ, ನನ್ನದು. ಹನ್ನೆರಡು ವರ್ಷದ ಹಿಂದೆ, ಅದೇ ಶಿಕಾರಿಪುರದಲ್ಲಿ, ಹೊಸಬಾಳೆಯ ವೀರಭದ್ರಪ್ಪನವರಿಗೆ ನಾನು ಹೇಳಿದ್ದ ಮಾತು.

ಇಲ್ಲಿ ನನ್ನ ಕಸುಬು ಹೇಳಿಬಿಡಬೇಕು. ನಾನು ಸೊರಬ ತಾಲ್ಲೂಕಿನ ಒಂದು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಖೊಖೊ ಆಡಿ ಬೆಳೆದವನು, ವಾಲಿಬಾಲ್ ನೆಟ್ ಕಟ್ಟುವುದರಲ್ಲಿ ಹೆಸರು ಮಾಡಿದವನು. ಆ ವರ್ಷ ಯಾರೋ ಪುಣ್ಯಾತ್ಮರು ಶಾಲೆಗೆ ಆರು ಫುಟ್‌ಬಾಲ್ ಕೊಟ್ಟರು. ಮುಖ್ಯೋಪಾಧ್ಯಾಯರು ಅವನ್ನು ನನ್ನ ಮುಂದೆ ಉರುಳಿಸಿ, "ನೋಡ್ರೀ, ಏನಾದ್ರೂ ಮಾಡಿ," ಎಂದರು. ಆ ಒಂದು ವಾಕ್ಯದಿಂದ ನಾನು ಫುಟ್‌ಬಾಲ್ ಕೋಚ್ ಆದೆ. ಮೊಬೈಲಿನಲ್ಲಿ ನೋಡಿ ಕಲಿತದ್ದನ್ನು ಮಾರನೆಯ ಬೆಳಿಗ್ಗೆ ಹುಡುಗರಿಗೆ ಹೇಳಿಕೊಡುತ್ತಿದ್ದೆ. ಆಫ್‌ಸೈಡ್ ಎಂಬ ನಿಯಮ ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಯಾರಾದರೂ ಕೇಳಿದರೆ ಗಟ್ಟಿಯಾಗಿ ಸೀಟಿ ಊದಿ ಬೇರೆ ಕಡೆ ನೋಡುತ್ತಿದ್ದೆ.

ಆಟ ಗೊತ್ತಿಲ್ಲದಿದ್ದರೂ ನಡೆಯುತ್ತದೆ. ತಂದೆತಾಯಿಯರನ್ನು ಸಂಭಾಳಿಸಲು ಮಾತ್ರ ಮೊಬೈಲಿನಲ್ಲಿ ಪಾಠವಿರಲಿಲ್ಲ. ಕಿರಾಣಿ ಅಂಗಡಿಯ ಚನ್ನಬಸಪ್ಪನವರು ಮಗನನ್ನು ಗೋಲಿನಲ್ಲಿ ನಿಲ್ಲಿಸಿದ್ದಕ್ಕೆ ಮುನಿಸಿಕೊಂಡರು. "ಎಲ್ರೂ ಆಟ ಆಡ್ತಾರೆ, ನಮ್ಮೋನ್ನ ಕಾವಲಿಗೆ ನಿಲ್ಸೀರಲ್ರೀ?" ಎಂಬುದು ಅವರ ತಕರಾರು. ಅವನೊಬ್ಬನೇ ಚೆಂಡನ್ನು ಕೈಯಲ್ಲಿ ಮುಟ್ಟಬಹುದು, ಉಳಿದ ಯಾರಿಗೂ ಆ ಅಧಿಕಾರವಿಲ್ಲ ಎಂದೆ. ಅಧಿಕಾರ ಎಂದ ಕೂಡಲೇ ಅವರ ಮುಖ ಅರಳಿತು. ಇನ್ನೊಬ್ಬ ಹುಡುಗನ ತಾಯಿ, "ಚೆಂಡಿಗೆ ತಲಿ ಕೊಡಿಸಬ್ಯಾಡ್ರಿ ಸಾರ್, ಮೊದ್ಲೇ ಮಗ್ಗಿ ನೆನಪಿರಲ್ಲ ಅವಂಗೆ," ಎಂದು ಬೇಡಿಕೊಂಡರು. ಆ ಹುಡುಗ ಶಾಲೆ ಬಿಡುವವರೆಗೂ ಮೇಲಿಂದ ಬಂದ ಚೆಂಡಿಗೆ ತಲೆ ಬಾಗಿಸಿ ದಾರಿ ಬಿಡುತ್ತಿದ್ದ. ತಾಯಿಯ ಮಾತು ಮೀರುವಂತೆ ಹೇಳಲು ನನಗೂ ಧೈರ್ಯವಿರಲಿಲ್ಲ.

ಜೂನ್ ಹೀಗೆ ಕಳೆಯಿತು. ಜುಲೈ ಬಂದದ್ದೇ ತಡ, ಹುಡುಗರು ಒಬ್ಬೊಬ್ಬರಾಗಿ ಮಾಯವಾದರು. ಭತ್ತದ ನಾಟಿ ಶುರುವಾಗಿತ್ತು. ಶಿಕಾರಿಪುರದ ಶಾಲೆಯೊಂದರ ತಂಡದ ಜೊತೆ ಪಂದ್ಯ ಗೊತ್ತಾಗಿತ್ತು, ನನ್ನ ಬಳಿ ನಾಲ್ಕೇ ಹುಡುಗರು ಉಳಿದಿದ್ದರು. ಸೈಕಲ್ ಹತ್ತಿ ಮನೆಮನೆಗೆ ಹೊರಟೆ. ಮೊದಲು ಹೋದದ್ದು ವೀರಭದ್ರಪ್ಪನವರ ಗದ್ದೆಗೆ. ಅವರ ಮಗ ನಾಗರಾಜ ನನ್ನ ತಂಡದಲ್ಲಿದ್ದ. ಒಳ್ಳೆಯ ಹುಡುಗ, ಆದರೆ ಓಡುವುದಕ್ಕಿಂತ ನಿಲ್ಲುವುದರಲ್ಲಿ ಅವನಿಗೆ ಹೆಚ್ಚು ಶ್ರದ್ಧೆ.

"ಕಳಿಸ್ತೀನಿ ಮೇಷ್ಟ್ರೇ," ಎಂದರು ವೀರಭದ್ರಪ್ಪ, ಕೆಸರಿನಿಂದ ತಲೆ ಎತ್ತದೆಯೇ. "ಅವನ ಬದ್ಲಿ ಮುಯ್ಯಿಗೆ ಯಾರ್ನ ಕಳಿಸ್ತೀರಿ?"

ಮುಯ್ಯಿ ಎಂದರೆ ನಮ್ಮ ಕಡೆ ಆಳಿಗೆ ಪ್ರತಿಯಾಗಿ ಆಳು. ಇವತ್ತು ನಿಮ್ಮ ಮನೆಯವರು ನಮ್ಮ ಗದ್ದೆಗೆ ಬಂದರೆ ನಾಳೆ ನಮ್ಮವರು ನಿಮ್ಮ ಗದ್ದೆಗೆ. ಕೂಲಿ ಇಲ್ಲ, ಕಾಗದ ಇಲ್ಲ. ಮುಯ್ಯಿಗೆ ಕರೆದರೆ ನೀವು ಆ ಮನೆಗೆ ಬೇಕಾದವರು ಎಂದು ಅರ್ಥ. ಕರೆಯದಿದ್ದರೆ ಏನರ್ಥ ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಸಂಬಳದ ಮನುಷ್ಯನಾದ ನನಗೆ ಕಳಿಸಲು ಯಾರಿದ್ದರು? ನಾನೇ ಪ್ಯಾಂಟು ಮಡಚಿ ಇಳಿದೆ. ಅರ್ಧ ಗಂಟೆಯಲ್ಲಿ ಎರಡು ಸಲ ಬಿದ್ದೆ. ನಾನು ನೆಟ್ಟ ಸಾಲು ಯಾವ ದಿಕ್ಕಿಗೆ ಹೊರಟಿದೆಯೆಂದು ಪಕ್ಕದ ಹೆಂಗಸರು ಕೇಳಿ ಕೇಳಿ ನಕ್ಕರು. ನನ್ನ ಹಿಂದೆಯೇ ಒಬ್ಬಜ್ಜಿ ಬಂದು ನನ್ನ ಸಸಿಗಳನ್ನು ಕಿತ್ತು ಮತ್ತೆ ನೆಡುತ್ತಿದ್ದರು, ನನಗೆ ಗೊತ್ತಾಗಬಾರದೆಂದು ಹಾಡು ಬೇರೆ ಹೇಳುತ್ತಿದ್ದರು. ಹೀಗೆ ಎರಡು ದಿನ. ಮೂರನೆಯ ದಿನ ಕಮೋಡ್ ಇಲ್ಲದ ನಮ್ಮ ಬಾಡಿಗೆ ಮನೆಯಲ್ಲಿ ನಾನು ಪಟ್ಟ ಪಾಡನ್ನು ವಿವರಿಸುವುದಿಲ್ಲ. ಆದರೆ ಸುದ್ದಿ ಊರೆಲ್ಲ ಹಬ್ಬಿತು. ಮೇಷ್ಟ್ರೇ ಮುಯ್ಯಿಗೆ ಬಂದರಂತೆ ಎಂದು ಎಲ್ಲರೂ ಹುಡುಗರನ್ನು ವಾಪಸು ಕಳಿಸಿದರು.

ಮುಯ್ಯಿ ತೀರಿಸಲು ವೀರಭದ್ರಪ್ಪನವರೂ ಬಂದರು. ನಮ್ಮ ಶಾಲೆಯ ಮೈದಾನ ಒಂದು ಕಡೆಗೆ ಇಳಿಜಾರು, ಚೆಂಡು ತಾನಾಗಿಯೇ ಉರುಳಿ ಬೇಲಿ ಸೇರುತ್ತಿತ್ತು. ಅವರು ಟಿಲ್ಲರ್ ತಂದು, ಉತ್ತು, ಹಲಗೆ ಹೊಡೆದು ಮಟ್ಟ ಮಾಡುತ್ತ, ಮೂರು ದಿನ ಒಬ್ಬರೇ ದುಡಿದರು. ಸುತ್ತ ಅಚ್ಚುಕಟ್ಟಾಗಿ ಒಂದು ಬದುವನ್ನೂ ಕಟ್ಟಿದರು. ನಾನು ಕೈಮುಗಿದೆ. ಆ ಬದು ಏಕೆಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮಾರನೆಯ ದಿನ ಮಳೆ ಹೊಡೆಯಿತು. ಬೆಳಿಗ್ಗೆ ಬಂದು ನೋಡಿದರೆ ಮೈದಾನದ ತುಂಬ ಪಾದ ಮುಳುಗುವಷ್ಟು ನೀರು, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ವೀರಭದ್ರಪ್ಪ ಬದುವಿನ ಮೇಲೆ ನಿಂತು ಹೆಮ್ಮೆಯಿಂದ ಹೇಳಿದರು: "ನೋಡ್ರಿ ಮೇಷ್ಟ್ರೇ, ಎಲ್ಲೂ ಒಂದು ಬೆರಳು ಹೆಚ್ಚುಕಮ್ಮಿ ಇಲ್ಲ."

ಆ ಮುಖ ನೋಡಿ ಬದು ಒಡೆಯಿರಿ ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ತಂಡ ಆ ವರ್ಷ ಗದ್ದೆಯಲ್ಲೇ ಅಭ್ಯಾಸ ಮಾಡಿತು.

ನಾನು ಎರಡು ದಿನ ಹೋಗಿದ್ದೆ, ಅವರು ಮೂರು ದಿನ ಬಂದಿದ್ದರು. "ಒಂದಿನ ನಿಮ್ಮ ಮೇಲೈತೆ," ಎಂದು ಅವರು ನಗುತ್ತ ಹೇಳಿದರು. "ನೀವು ಗದ್ದಿಗೆ ಬರೋದೇನು ಬ್ಯಾಡ, ಅಜ್ಜಿಗೆ ಎರಡು ಕೆಲಸ. ಅದರ ಬದ್ಲಿ ಶಿಕಾರಿಪುರದಾಗೆ ನಮ್ಮ ನಾಗರಾಜನ್ನ ಒಂದೀಟು ಆಡ್ಸಿಬಿಡ್ರಿ. ಅವನ ತಾಯಿಗೆ ಬಂದು ಹೇಳ್ತೀನಿ." ಖಂಡಿತ ಆಡಿಸುತ್ತೇನೆ, ಎರಡನೇ ಹಾಫಿನಲ್ಲಿ ಇಳಿಸುತ್ತೇನೆ ಎಂದು ಮಾತು ಕೊಟ್ಟೆ.

ಪಂದ್ಯದ ದಿನ ಅವರು ತಮ್ಮ ಗದ್ದೆಯ ಕೆಲಸ ಮುಂದಕ್ಕೆ ಹಾಕಿ, ಒಗೆದ ಬಿಳಿ ಪಂಚೆ ಉಟ್ಟು, ಎರಡು ಬಸ್ಸು ಬದಲಿಸಿ ಬಂದರು. ಶಿಕಾರಿಪುರದ ಹುಡುಗರಿಗೆ ಬೂಟುಗಳಿದ್ದವು, ನಮ್ಮವರಿಗೆ ಕೆಸರಿನ ಅಭ್ಯಾಸವಿತ್ತು. ಹಿಂದಿನ ರಾತ್ರಿಯ ಮಳೆ ನಮ್ಮ ಪರವಾಗಿತ್ತು. ಅರ್ಧ ಆಟ ಮುಗಿದಾಗ ಒಂದಕ್ಕೆ ಒಂದು ಗೋಲು. ಆಗ ನನ್ನೊಳಗೆ ಏನೋ ಹೊಕ್ಕಿತು. ಅಲ್ಲಿಯವರೆಗೆ ಆಫ್‌ಸೈಡ್ ಗೊತ್ತಿಲ್ಲದ ಖೊಖೊ ಮನುಷ್ಯನಾಗಿದ್ದವನು ಒಮ್ಮೆಲೇ ದೊಡ್ಡ ಕೋಚ್ ಆಗಿಬಿಟ್ಟೆ. ಕೈ ಹಿಂದೆ ಕಟ್ಟಿ ನಡೆದೆ. ಹುಬ್ಬು ಗಂಟಿಕ್ಕಿದೆ. ಗೆದ್ದರೆ ಸೊರಬದಲ್ಲಿ ಜನ ನನ್ನನ್ನು ಬೆರಳು ತೋರಿಸಿ ಮಾತಾಡುತ್ತಾರೆ ಎಂದುಕೊಂಡೆ.

ನಾಗರಾಜನಿಗೆ, "ವಾರ್ಮ್-ಅಪ್ ಮಾಡ್ತಾ ಇರು," ಎಂದೆ. ಅವನು ಸುಣ್ಣದ ಗೆರೆಯಾಚೆ ಓಡತೊಡಗಿದ. ಹತ್ತು ನಿಮಿಷ ಬಿಟ್ಟು ಮತ್ತೆ ನನ್ನ ಮುಂದೆ ನಿಂತ. "ಇನ್ನೊಂದು ಸ್ವಲ್ಪ," ಎಂದೆ. ಮತ್ತೆ ಓಡಿದ. ಮೂರನೆಯ ಸಲ ಅವನು ಕೇಳಲಿಲ್ಲ, ನನ್ನ ಮುಖ ನೋಡಿ ತಾನೇ ತಿರುಗಿ ಓಡಿದ. ಓಡಲು ಬಾರದ ಹುಡುಗ ಎಂದು ನಾನು ತಮಾಷೆ ಮಾಡುತ್ತಿದ್ದವನು ಆ ದಿನ ಮೈದಾನದ ಒಳಗಿದ್ದ ಎಲ್ಲರಿಗಿಂತ ಹೆಚ್ಚು ಓಡಿದ. ವೀರಭದ್ರಪ್ಪ ಆಟ ನೋಡುತ್ತಿರಲಿಲ್ಲ. ಅವರ ಕಣ್ಣು ಆ ಗೆರೆಯ ಮೇಲೆಯೇ ಅತ್ತಿಂದಿತ್ತ ಹೋಗುತ್ತಿತ್ತು. ಕೊನೆಯ ಸೀಟಿಗೆ ಸ್ವಲ್ಪ ಮುಂಚೆ ಶಿಕಾರಿಪುರದವರು ಗೋಲು ಹೊಡೆದು ಗೆದ್ದರು.

"ಮ್ಯಾಚ್ ಟೈಟ್ ಇತ್ತಲ್ಲ ವೀರಭದ್ರಪ್ಪ. ಮುಂದಿನ ಸಲ ನೋಡೋಣ," ಎಂದೆ.

ಅವರು ಎಲ್ಲ ಹುಡುಗರಿಗೂ ಮಂಡಕ್ಕಿ ಕೊಡಿಸಿದರು, ನನಗೂ ಒಂದು ಪೊಟ್ಟಣ ಕೊಟ್ಟರು. ನಾನು ಹೇಳಿದ ಆ ಮುಂದಿನ ಸಲ ಬರಲೇ ಇಲ್ಲ. ಮರುವರ್ಷ ನಾಗರಾಜ ತಂಡ ಸೇರಲಿಲ್ಲ. ಜುಲೈ ಬಂತು, ನಾಟಿ ಬಂತು. ಬೇರೆ ಮನೆಗಳವರು ತಮಾಷೆಗಾದರೂ ನನ್ನನ್ನು ಮುಯ್ಯಿಗೆ ಕರೆದರು. ವೀರಭದ್ರಪ್ಪ ಕರೆಯಲಿಲ್ಲ. ಎದುರಿಗೆ ಸಿಕ್ಕರೆ ನಮಸ್ಕಾರ ಹೇಳುತ್ತಿದ್ದರು, ಮಳೆಬೆಳೆ ಮಾತಾಡುತ್ತಿದ್ದರು, ಮಗಳು ಹುಟ್ಟಿದಾಗ ಹಾಲು ಕಳಿಸಿದರು. ಗದ್ದೆಗೆ ಮಾತ್ರ ಕರೆಯಲಿಲ್ಲ. ಸೊಂಟ ಉಳಿಯಿತು ಎಂದು ಹೆಂಡತಿಯ ಮುಂದೆ ನಗುತ್ತಿದ್ದೆ. ನಿಜವಾಗಿ ಪ್ರತಿ ಜುಲೈಯಲ್ಲೂ ನನಗೆ ನೋವಾಗುತ್ತಿತ್ತು. ಹೋಗಿ ತಪ್ಪಾಯಿತು ಎನ್ನಲು ಹನ್ನೆರಡು ವರ್ಷ ನಾಚಿಕೆಯಾಯಿತು.

ಮೊನ್ನೆ ಶನಿವಾರ ಪಂದ್ಯ ಮುಗಿಸಿ ಬರುವಾಗ ಪೂರ್ವಿ ಬೈಕಿನಲ್ಲಿ ನನ್ನ ಬೆನ್ನ ಹಿಂದೆ ಕೂತಿದ್ದಳು. ಸೊರಬ ಹತ್ತಿರ ಬಂದಾಗ ಕೇಳಿದಳು: "ಅಪ್ಪಾ, ನಾನು ವಾರ್ಮ್-ಅಪ್ ಚೆನ್ನಾಗಿ ಮಾಡಿದ್ನಾ?"

ಭಾನುವಾರ ಆ ಕಾಲುಚೀಲ ಹಿಡಿದು ಕೂತಾಗ ನಾಗರಾಜನೂ ತನ್ನಪ್ಪನನ್ನು ಬಸ್ಸಿನಲ್ಲಿ ಹೀಗೆಯೇ ಕೇಳಿರಬಹುದೇ ಎಂಬ ಯೋಚನೆ ಬಂತು. ಬಟ್ಟೆ ಅಲ್ಲಿಯೇ ಬಿಟ್ಟು ಪೂರ್ವಿಯನ್ನು ಹತ್ತಿಸಿಕೊಂಡು ಹೊಸಬಾಳೆಗೆ ಹೋದೆ.

ವೀರಭದ್ರಪ್ಪನವರ ಗದ್ದೆಯಲ್ಲಿ ನಾಟಿ ನಡೆದಿತ್ತು. ಅವರ ತಲೆ ನೆರೆತಿದೆ. ನಾಗರಾಜ ಇಪ್ಪತ್ತಾರರ ಗಟ್ಟಿ ಆಳಾಗಿದ್ದಾನೆ, ಬೇಸಾಯವೆಲ್ಲ ಅವನದೇ. ನಾನು ಪ್ಯಾಂಟು ಮಡಚುತ್ತ, "ವೀರಭದ್ರಪ್ಪ, ಅವತ್ತು ನಾನು ಮಾತು ತಪ್ಪಿದೆ. ನನ್ನ ಮೇಲೆ ಒಂದಿನ ಹಾಗೇ ಇದೆ," ಎಂದೆ.

"ಹನ್ನೆರಡು ವರ್ಷ ಆತಲ್ರೀ," ಎಂದರು ಅವರು. ಆಮೇಲೆ ಪೂರ್ವಿಯ ಕಡೆ ನೋಡಿ, "ಇದ್ಯಾರು, ನಿಮ್ಮ ಕೂಸೇನ್ರಿ? ಇಳಿ ಮಗಾ, ಸಸಿ ಹಿಡಿ," ಎಂದರು. ಅವಳು ಕೇಳಿದ್ದೇ ತಡ, ಕೆಸರಿಗೆ ಹಾರಿದಳು. ನಾನೂ ಒಂದು ಕಾಲು ಎತ್ತಿದೆ.

"ನೀವು ತಡೀರಿ ಮೇಷ್ಟ್ರೇ. ಇವತ್ತು ಆಳು ಭರ್ತಿ ಅದಾರೆ. ಬದುವಿನ ಮ್ಯಾಲೆ ಇರ್ರಿ. ಯಾರಿಗಾರ ಸುಸ್ತಾದ್ರೆ ಕರೀತೀನಿ."

ಎತ್ತಿದ ಕಾಲನ್ನು ಎತ್ತಿದಲ್ಲಿಗೇ ಹಿಂದಿಟ್ಟೆ. ಮಡಚಿದ ಪ್ಯಾಂಟಿನಲ್ಲಿ ಬದುವಿನ ಮೇಲೆ ಕೂತು ಒಂದು ಗಂಟೆ ಕಳೆದೆ. ಯಾರಿಗೂ ಸುಸ್ತಾಗಲಿಲ್ಲ. ಹೆಂಗಸರು ನನ್ನನ್ನು ನೋಡಿ ಮುಸಿಮುಸಿ ನಕ್ಕರು. ಮೂಗಿನವರೆಗೆ ಕೆಸರಾಗಿದ್ದ ಪೂರ್ವಿ ಗದ್ದೆಯ ನಡುವಿನಿಂದ ಕೂಗಿದಳು: "ಅಪ್ಪಾ, ವಾರ್ಮ್-ಅಪ್ ಮಾಡ್ತಾ ಇರು!"

ನಾನು ಎದ್ದು ಬದುವಿನ ಮೇಲೆ ಅತ್ತಿಂದಿತ್ತ ನಡೆಯತೊಡಗಿದೆ. ನಗಿಸಲೆಂದು ಮಾಡಿದ್ದು, ಎರಡನೆಯ ಸುತ್ತಿಗೆ ನನ್ನ ಕಣ್ಣು ತುಂಬಿತು. ಒಳಗೆ ಎಲ್ಲರಿಗೂ ಕೆಲಸವಿದ್ದು, ಹೊರಗೆ ಒಬ್ಬನೇ ಸಿದ್ಧನಾಗಿ ಓಡಾಡುವುದು ಎಷ್ಟು ಉದ್ದದ ಕೆಲಸವೆಂದು ನಲವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

ಕೊನೆಯ ಕೆಲವು ಸಾಲು ಉಳಿದಿದ್ದಾಗ ನಾಗರಾಜ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಕಡೆ ಬಂದ.

"ಸಾರ್, ಸೊಂಟ ಹಿಡ್ಕಂತು. ನನ್ನ ಬದ್ಲಿ ನೀವು ಇಳೀರಿ."

ಆ ಸೊಂಟಕ್ಕೆ ಏನೂ ಆಗಿರಲಿಲ್ಲ. ಅವನು ಬದು ಹತ್ತಿ, ಕೆಸರಿನ ಅಂಗೈಯನ್ನು ನನ್ನ ಮುಂದೆ ಎತ್ತಿ ಹಿಡಿದ. ಒಬ್ಬ ಹೊರಗೆ ಬಂದು ಇನ್ನೊಬ್ಬ ಒಳಗೆ ಹೋಗುವಾಗ ಹೀಗೆ ಅಂಗೈ ತಟ್ಟಿ ಹೋಗಬೇಕೆಂದು ಹನ್ನೆರಡು ವರ್ಷದ ಹಿಂದೆ ಎಲ್ಲ ಹುಡುಗರಿಗೂ ನಾನೇ ಕಲಿಸಿದ್ದೆ. ಅದನ್ನು ಮಾಡುವ ಅವಕಾಶ ಅವನೊಬ್ಬನಿಗೆ ಸಿಕ್ಕಿರಲಿಲ್ಲ. ನಾನು ಅವನ ಅಂಗೈ ತಟ್ಟಿ ಗದ್ದೆಗೆ ಇಳಿದೆ.

"ಸಾಲು ನೋಡ್ಕಂಡು ನೆಡ್ರಿ ಮೇಷ್ಟ್ರೇ," ಎಂದರು ವೀರಭದ್ರಪ್ಪ, ಒಂದು ಕಟ್ಟು ಸಸಿ ನನ್ನ ಕಡೆ ಎಸೆಯುತ್ತ. "ಈಗ ಹಿಂದೆ ಬರೋಕೆ ಅಜ್ಜಿ ಇಲ್ಲ."