ದಾಖಲೆ ಫೌಸ್ಟಿನ್

ನನ್ನ ಗಂಡ ಫೌಸ್ಟಿನ್‌ಗೆ ಮಸ್ಕತ್ತಿನ ನಮ್ಮ ಜನ ಇಟ್ಟ ಹೆಸರು ‘ದಾಖಲೆ ಫೌಸ್ಟಿನ್’. ತಮಾಷೆಗೇ ಇಟ್ಟದ್ದು. ಆದರೆ ಕೇಳಿದಾಗಲೆಲ್ಲ ಅವರ ಎದೆ ಒಂದಿಷ್ಟು ಉಬ್ಬುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಅಲ್ ಖೌದ್‌ನಲ್ಲಿ ಕಟ್ಟಡ ಸಾಮಾನಿನ ಒಂದು ಕಂಪೆನಿಯಲ್ಲಿ ಅವರು ಪರ್ಚೇಸ್ ಕ್ಲಾರ್ಕ್. ಸಿಮೆಂಟಿನವನು ಬಂದು ಎಷ್ಟು ಬೆಣ್ಣೆ ಹಚ್ಚಿದರೂ ಇವರು ಸುಮ್ಮನೆ ಕಪಾಟಿನಿಂದ ಹಿಂದಿನ ವರ್ಷದ ಬಿಲ್ಲು ತೆಗೆದು ಅವನ ಮುಂದೆ ಇಡುವುದು. ‘ಫೌಸ್ಟಿನ್ ನೋಡಿದನಾ? ಖಲಾಸ್’ ಎಂದು ಕಂಪೆನಿಯ ಅರಬ್ಬಿ ಮಾಲೀಕ ಕಫೀಲ್ ಕೂಡ ನಗುತ್ತಿದ್ದ. ಮನೆಯಲ್ಲೂ ಅದೇ ಕಥೆ. ಮೀನಿಗೆ ಉಪ್ಪು ಹಾಕಿದ್ದೇನೆ ಅಂತ ನಾನು ಹೇಳಿದರೆ ನಂಬುವ ಆಸಾಮಿಯಲ್ಲ, ರುಚಿ ನೋಡಲೇಬೇಕು.

ಎಂಬತ್ತೊಂಬತ್ತರಲ್ಲಿ ಊರಿಗೆ ಅಸೆಂಬ್ಲಿ ಚುನಾವಣೆ ಬರುವುದಿತ್ತು. ಮಸ್ಕತ್ತಿನಲ್ಲಿ ಕೂತ ನಮಗೆ ಓಟಿಲ್ಲ. ಆದರೆ ಊರಿನ ಮನೆ ನಡೆಯುವುದು ನಮ್ಮ ಸಂಬಳದಲ್ಲಿ. ಹಾಗಾಗಿ ಓಟು ಯಾರಿಗೆ ಎಂದು ಊರಿನವರು ಕೇಳುತ್ತಿದ್ದದ್ದೂ ನಮ್ಮನ್ನೇ. ವಾರದ ರಜೆಯ ಶುಕ್ರವಾರ ರೂವಿಯಲ್ಲಿ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ಗಂಡಸರಿಗೆ ಬೇರೆ ಮಾತೇ ಇಲ್ಲ. ಒಬ್ಬ ‘ಅವ ನಮ್ಮವ’ ಅನ್ನುವುದು, ಇನ್ನೊಬ್ಬ ‘ಇವ ಒಳ್ಳೆಯವ’ ಅನ್ನುವುದು. ಫೌಸ್ಟಿನ್‌ಗೆ ಮೈ ಉರಿಯುತ್ತಿತ್ತು.

“ಒಳ್ಳೆಯವ ಅಂತ ಬಾಯಲ್ಲಿ ಹೇಳಿದ್ರೆ ಆಯ್ತಾ ಮಾರಾಯ? ಬೀಡಿ ಕೆಲಸದವರ ಬಗ್ಗೆ ಎಂತ ಹೇಳಿದ್ದಾನೆ, ಹಂಚಿನ ಕಾರ್ಖಾನೆ ಬಗ್ಗೆ ಎಂತ ಹೇಳಿದ್ದಾನೆ? ಅಸೆಂಬ್ಲಿಯಲ್ಲಿ ನಡೆದದ್ದೆಲ್ಲ ಪ್ರಿಂಟ್ ಆಗಿ ಉಂಟು. ಅದನ್ನು ನೋಡ್ಬೇಕು.”

ಆ ಸಲದ ರಜೆಯಲ್ಲಿ ನಾವು ಊರಿಗೆ ಹೋದಾಗ ಅವರು ದಿನಾ ಬೆಳಿಗ್ಗೆ ಬಸ್ಸು ಹತ್ತಿ ಲೈಬ್ರರಿಗೆ ನಡೆದರು. ವಿಧಾನಸಭೆಯ ಕಲಾಪಗಳ ದಪ್ಪ ದಪ್ಪ ಸಂಪುಟಗಳು, ಧೂಳೋ ಧೂಳು. “ರಜೆಗೆ ಬಂದದ್ದು ಮನೆಯವರ ಜೊತೆ ಇರ್ಲಿಕ್ಕಾ, ಎಮ್ಮೆಲ್ಲೆಗಳ ಜೊತೆ ಇರ್ಲಿಕ್ಕಾ?” ಎಂದು ನಾನು ರೇಗಿದೆ. ಅವರು ಸೀನುತ್ತಾ ನಕ್ಕರು.

ನಮ್ಮ ಕ್ಷೇತ್ರದ ಆಗಿನ ಶಾಸಕರು ಕೊಗ್ಗ ಸಾಲ್ಯಾನ್. ವಿರೋಧ ಪಕ್ಷದವರು. ಹಿಂದೆ ಬೀಡಿ ಬ್ರಾಂಚಿನಲ್ಲಿ ಬೀಡಿ ಎಣಿಸುತ್ತಿದ್ದ ಮನುಷ್ಯ. ಬೀಡಿ ಕಟ್ಟುವವರಿಗೆ ಒಂದು ಕಾಲನಿ ಆಗಬೇಕೆಂದು ಓಡಾಡಿ, ಗುಡ್ಡದ ಬದಿಯಲ್ಲಿ ಜಾಗ ಅಳತೆ ಮಾಡಿಸಿ ಕಲ್ಲು ಹಾಕಿಸಿದ್ದರು. ಅಲ್ಲಿ ನಮ್ಮ ಸುಂದರಿಯಕ್ಕನಿಗೂ ಒಂದು ಮನೆ ಸಿಗುವುದಿತ್ತು. ಸುಂದರಿಯಕ್ಕ ಅಂದರೆ ನನ್ನ ಅತ್ತೆಮನೆಯ ಪಕ್ಕದ, ಧಣಿಗಳ ಹಿತ್ತಿಲ ಮೂಲೆಯ ಕೊಟ್ಟಿಗೆಯಂಥ ಬಿಡಾರದಲ್ಲಿದ್ದ ಒಂಟಿ ಹೆಂಗಸು. ಅತ್ತೆ ಹಂಚಿನ ಕಾರ್ಖಾನೆಗೆ ಹೋಗುತ್ತಿದ್ದ ಕಾಲದಲ್ಲಿ ಸಣ್ಣ ಫೌಸ್ಟಿನ್‌ನನ್ನು ಮೀಯಿಸಿ, ಗಂಜಿ ಉಣ್ಣಿಸಿ ಸಾಕಿದವಳು ಅವಳೇ.

ರಜೆ ಮುಗಿಯುವ ಹೊತ್ತಿಗೆ ಫೌಸ್ಟಿನ್ ಒಂದು ಪುಟದ ಜೆರಾಕ್ಸ್ ಹಿಡಿದು ಬಂದರು. ಮುಖ ಕೆಂಪಾಗಿತ್ತು. “ನೋಡು ಇಸಾಬೆಲ್ಲಾ, ಕೊಗ್ಗಣ್ಣನ ಬಣ್ಣ ನೋಡು.” ಕಾರ್ಮಿಕ ಇಲಾಖೆಯ ಬೇಡಿಕೆಯಿಂದ, ಅಂದರೆ ಇಲಾಖೆ ಕೇಳಿದ ಹಣದಿಂದ, ನೂರು ರೂಪಾಯಿ ಕಡಿಮೆ ಮಾಡತಕ್ಕದ್ದು, ವಿಷಯ ಬೀಡಿ ಕಾರ್ಮಿಕರ ವಸತಿ ಎಂದಿತ್ತು. ಸೂಚನೆ ಮಂಡಿಸಿದವರು ಕೊಗ್ಗ ಸಾಲ್ಯಾನ್.

“ಬರೀ ನೂರು ರೂಪಾಯಿಯಾ?” ಅಂದೆ ನಾನು.

“ನೂರಾದ್ರೂ ಕಡಿತ ಕಡಿತವೇ. ಬಡವರ ಮನೆಯ ದುಡ್ಡು ಅದು.”

ಅವರ ಆಫೀಸಿನಲ್ಲಿ ಕಾಗದದ ಮೇಲೆ ಕಡಿಮೆ ಮಾಡಿ ಅಂತ ಬರೆದರೆ ಕಡಿಮೆ ಮಾಡುವುದೇ, ಅದಕ್ಕೆ ಬೇರೆ ಅರ್ಥವಿಲ್ಲ. ಅದೇ ಕಣ್ಣಿನಲ್ಲಿ ಅಸೆಂಬ್ಲಿಯ ಕಾಗದವನ್ನೂ ಓದಿದರು.

ಆಗ ಮಸ್ಕತ್ತಿನಿಂದ ಊರಿಗೆ ಫೋನು ಮಾಡುವುದೆಂದರೆ ಕೈ ಸುಡುತ್ತಿತ್ತು. ನಾವು ಮಾತುಗಳನ್ನು ಕ್ಯಾಸೆಟ್ಟಿನಲ್ಲಿ ತುಂಬಿಸಿ, ರಜೆಗೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆವು. ಊರಿನಲ್ಲಿ ಅತ್ತೆ ಟೇಪ್‌ರೆಕಾರ್ಡರ್ ಜಗಲಿಗೆ ತಂದಿಟ್ಟರೆ ಸುತ್ತಲಿನವರೆಲ್ಲ ಬಂದು ಕೂತು ಕೇಳುವುದು ರೂಢಿ. ಆ ಸಲದ ಕ್ಯಾಸೆಟ್ಟಿನಲ್ಲಿ ಫೌಸ್ಟಿನ್ ಕ್ಷೇಮ ಸಮಾಚಾರ ಮುಗಿಸಿ ಗಂಟಲು ಸರಿಮಾಡಿಕೊಂಡು ಹೇಳಿದರು: “ಎಲ್ಲರೂ ಕೇಳಿ. ಕೊಗ್ಗಣ್ಣ ಹೊರಗೆ ಕಲ್ಲು ಹಾಕಿಸ್ತಾರೆ, ಅಸೆಂಬ್ಲಿ ಒಳಗೆ ನಿಮ್ಮ ಮನೆಯ ದುಡ್ಡು ಕಡಿತ ಮಾಡಿ ಅಂತಾರೆ. ನಾನು ಕಣ್ಣಾರೆ ಓದಿದ್ದು. ಸರಕಾರವೇ ಪ್ರಿಂಟ್ ಮಾಡಿದ್ದು.” ಕಳಿಸುವ ಮುಂಚೆ ಮಸ್ಕತ್ತಿನಲ್ಲಿ ಇದನ್ನು ಕೇಳಿದವರು ಕಾಪಿ ಮಾಡಿಸಿ ತಮ್ಮ ತಮ್ಮ ಮನೆಗೂ ಕಳಿಸಿದರು. ದಾಖಲೆ ಫೌಸ್ಟಿನ್ ಹೇಳಿದ ಮೇಲೆ ಅನುಮಾನ ಯಾರಿಗೆ?

ಕೊಗ್ಗ ಸಾಲ್ಯಾನ್ ಸೋತರು, ಸ್ವಲ್ಪದರಲ್ಲಿ. ಗೆದ್ದವರು ಕಾಲನಿಯನ್ನು ತಮಗೆ ಬೇಕಾದ ಕಡೆಗೆ ಒಯ್ದರು. ಗುಡ್ಡದ ಬದಿಯ ಕಲ್ಲುಗಳನ್ನು ಜನ ತಮ್ಮ ಹಿತ್ತಿಲ ಪಾಗಾರದ ಗೋಡೆಗೆ ಕಿತ್ತುಕೊಂಡು ಹೋದರಂತೆ.

ತೊಂಬತ್ತಮೂರರಲ್ಲಿ ಅಲ್ ಹೈಲ್‌ನಲ್ಲಿದ್ದ ನನ್ನ ಗೆಳತಿ ಏಂಜೆಲಾ ನಮ್ಮನ್ನು ಊಟಕ್ಕೆ ಕರೆದಳು. ಅವಳ ತಂದೆ ಕ್ಲಾರೆನ್ಸ್ ಬೆಂಗಳೂರಿನಲ್ಲಿ ವಿಧಾನಸಭೆಯ ಸಚಿವಾಲಯದಲ್ಲಿದ್ದು ರಿಟೈರ್ ಆದವರು, ಮಗಳ ಮನೆಗೆ ಬಂದಿದ್ದರು. ಫೌಸ್ಟಿನ್‌ಗೆ ಸ್ವರ್ಗ ಸಿಕ್ಕಿದಂತಾಯಿತು. ಹಂದಿಮಾಂಸ ಬಡಿಸುವಷ್ಟರಲ್ಲಿ ಕೊಗ್ಗಣ್ಣನ ಬಣ್ಣ ಬಯಲು ಮಾಡಿದ ಕಥೆ ತೆಗೆದರು. ಕ್ಲಾರೆನ್ಸ್ ಕೇಳಿ ಗೊಳ್ಳೆಂದು ನಕ್ಕರು.

“ಅಯ್ಯೋ ದೇವ್ರೆ, ಅದು ಕಡಿತ ಸೂಚನೆ ಮಾರಾಯ! ಸರಕಾರ ಒಂದು ಕೆಲಸ ಮಾಡ್ಲಿಲ್ಲ ಅಂತ ಬೈಯ್ಲಿಕ್ಕೆ ವಿರೋಧ ಪಕ್ಷಕ್ಕೆ ಇರುವ ದಾರಿಯೇ ಅದು. ನೂರು ರೂಪಾಯಿ ಕಡಿಮೆ ಮಾಡಿ ಅಂದ್ರೆ, ಬೀಡಿಯವರಿಗೆ ಮನೆ ಯಾಕೆ ಕಟ್ಟಿಸ್ಲಿಲ್ಲ ಅಂತ ಜಗಳಕ್ಕೆ ನಿಂತದ್ದು. ನೂರು ರೂಪಾಯಿ ಉಳಿಸಿ ಯಾರಿಗೆ ಎಂತ ಆಗ್ಬೇಕು? ಅವ ಮಾಡಿದ ಭಾಷಣ ಅದೇ ಪುಸ್ತಕದಲ್ಲಿ ಮುಂದೆ ಇರ್ಬೇಕಲ್ಲ, ಓದ್ಲಿಲ್ವಾ?”

ಓದಿರಲಿಲ್ಲ. ಬೇಕಾದದ್ದು ಸಿಕ್ಕಿತೆಂದು ಪುಸ್ತಕ ಮುಚ್ಚಿ ಬಂದಿದ್ದರು. ಫೌಸ್ಟಿನ್ ತಟ್ಟೆಯಿಂದ ಕೈ ತೆಗೆದವರು ಮತ್ತೆ ಇಡಲಿಲ್ಲ. ಏಂಜೆಲಾ ಪಾಪ, ಖಾರ ಜಾಸ್ತಿಯಾಯಿತಾ ಎಂದು ಕೇಳಿದಳು.

ಆಮೇಲೆ ಅವರು ಅವರಾಗಿ ಉಳಿಯಲಿಲ್ಲ. ಪೂಜೆ ಮುಗಿದ ಕೂಡಲೇ ಹೋಗಿ ಕಾರಿನೊಳಗೆ ಕೂರುವುದು. ಯಾರಾದರೂ ‘ಏನು ದಾಖಲೆ?’ ಎಂದರೆ ಕೆನ್ನೆಗೆ ಹೊಡೆಸಿಕೊಂಡವರಂತೆ ಮುಖ ತಿರುಗಿಸುವುದು. ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿ ಬಂದರು. ತಿಳಿಯದೆ ಮಾಡಿದ್ದು, ದೇವರು ಕ್ಷಮಿಸುತ್ತಾನೆ ಎಂದರಂತೆ ಪಾದ್ರಿಗಳು. “ದೇವರಿಗೆ ಎಂತ, ಅವನಿಗೆ ಮನೆ ಉಂಟು. ಸುಂದರಿಯಕ್ಕನಿಗೆ ಎಲ್ಲಿ ಉಂಟು?” ಎಂದು ಅತ್ತರು. ಕೊಗ್ಗ ಸಾಲ್ಯಾನರ ಕಾಲು ಹಿಡಿಯೋಣವೆಂದರೆ ಆ ಮನುಷ್ಯ ಹಿಂದಿನ ಮಳೆಗಾಲದಲ್ಲೇ ತೀರಿಕೊಂಡಿದ್ದರು.

ಕ್ರಿಸ್ಮಸ್‌ಗೆ ಊರಿಗೆ ಹೋದೆವು. ಸುಂದರಿಯಕ್ಕನಿಗೊಂದು ಮನೆ ಕಟ್ಟಿಸಲು ಏನಾದರೂ ಮಾಡೋಣ, ಬಾಯಿ ಮಾತ್ರ ಬಿಡಬೇಡಿ ಎಂದು ನಾನು ಹೇಳಿದ್ದೆ. ಕೇಳಬೇಕಲ್ಲ! ಮರುದಿನ ಬೆಳಿಗ್ಗೆಯೇ ಅವಳ ಬಿಡಾರಕ್ಕೆ ನಡೆದರು, ಹಿಂದೆ ನಾನು. ಸುಂದರಿಯಕ್ಕ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಫೌಸ್ಟಿನ್ ನೆಲದ ಮೇಲೆ ಕೂತು, ಒಂದೂ ಬಿಡದೆ ಹೇಳಿದರು. ಕೊಗ್ಗಣ್ಣ ಮನೆ ಬೇಕೆಂದೇ ಜಗಳ ಮಾಡಿದ್ದು, ತಾನು ಅರ್ಧ ಓದಿ ಕ್ಯಾಸೆಟ್ಟು ಕಳಿಸಿದ್ದು, ಅವಳ ಮನೆ ಕಳೆದದ್ದು ತಾನೇ ಎಂದು. ಹೇಳಿ ಅವಳ ಪಾದ ಮುಟ್ಟಲು ಹೋದರು.

ಅವಳು ಕಾಲು ಎಳೆದುಕೊಂಡಳು. ಬೆರಳಲ್ಲಿದ್ದ ಎಲೆ ಬಿಚ್ಚಿ ಹೊಗೆಸೊಪ್ಪು ಗೆರಸೆಗೆ ಚೆಲ್ಲಿತು.

“ಆಗ ಕೊಗ್ಗಣ್ಣ ಓಟು ಕೇಳ್ಲಿಕ್ಕೆ ಬಂದಿದ್ದ ಮಗಾ,” ಎಂದಳು. “ಮಧ್ಯಾಹ್ನದ ಬಿಸಿಲು. ಅಗೋ, ಅಂಗಳದಲ್ಲಿ ನಿಂತು, ಸುಂದರಿಯಕ್ಕಾ, ಬಾಯಾರಿಕೆ ಆಗ್ತದೆ, ಒಂದು ಚೆಂಬು ನೀರು ಕೊಡಿ ಅಂದ. ಬಡವರ ಮನೆ ತಿನ್ನುವವನಿಗೆ ಇಲ್ಲಿ ನೀರಿಲ್ಲ ಅಂದೆ ನಾನು. ಜನರ ಎದುರು ಅಂದೆ. ಬೆಲ್ಲ ನೀರು ಕೊಡದೆ ಈ ಬಾಗಿಲಿಂದ ಒಬ್ಬನನ್ನೂ ಕಳಿಸಿದವಳಲ್ಲ. ಅವನನ್ನು ಕಳಿಸಿದೆ. ತಲೆ ತಗ್ಗಿಸಿ ಹೋದ ಅವ. ಈಗ ಸತ್ತಿದ್ದಾನೆ.”

“ತಪ್ಪು ನನ್ನದು ಸುಂದರಿಯಕ್ಕ, ನಿಮ್ಮದಲ್ಲ,” ಎಂದರು ಫೌಸ್ಟಿನ್.

“ಅಂದ ಬಾಯಿ ನನ್ನದಲ್ವಾ?” ಅವಳು ಗೆರಸೆ ಬದಿಗಿಟ್ಟಳು. “ಮನೆ ಇಲ್ಲದೆ ನನಗೆ ಅಭ್ಯಾಸ ಉಂಟು ಮಗಾ. ಮನೆ ಹೋಯ್ತು ಅಂತ ನಾನು ಒಂದು ದಿನ ನಿದ್ದೆ ಬಿಟ್ಟವಳಲ್ಲ. ಇದನ್ನು ಯಾಕೆ ತಂದು ನನಗೆ ಹೇಳಿದಿ? ಇದನ್ನು ನಾನು ಎಲ್ಲಿ ಇಡ್ಲಿ?”