ಮೊದಲ ಬೋಂಡ ಯಾರಿಗೆ

ನಮ್ಮ ಯಜಮಾನರ ಬಲಗಿವಿಯ ಮೇಲೆ ಸದಾ ಒಂದು ನೀಲಿ ಚಾಕ್ ತುಂಡು ಕೂತಿರುತ್ತಿತ್ತು. ಬಟ್ಟೆಗೆ ಗುರುತು ಹಾಕಿ ತಾವೇ ಅಲ್ಲಿ ಸಿಕ್ಕಿಸಿ, ಆಮೇಲೆ ಮೇಜೆಲ್ಲ ತಡಕಾಡುತ್ತಿದ್ದರು. ನಾವು ನೋಡಿಯೂ ನೋಡದವರಂತೆ ನಗು ನುಂಗಿಕೊಂಡು ಹೊಲಿಯುತ್ತಿದ್ದೆವು.

ಅವರದು ಕೊಡಿಗೇಹಳ್ಳಿಯ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಕಟ್ಟಡ ಎಬ್ಬಿಸಿ ಶಾಲೆ ಯೂನಿಫಾರ್ಮ್ ಹೊಲಿಸುತ್ತಿದ್ದರು. ನೆಂಟರೆಲ್ಲ ಬಾಡಿಗೆ ಎಣಿಸುತ್ತ ಕಾಲ ಮೇಲೆ ಕಾಲು ಹಾಕಿ ಕೂತರೆ, ಇವರಿಗೆ ಮಿಷನ್ನಿನ ಸದ್ದಿಲ್ಲದೆ ನಿದ್ದೆಯೇ ಬರದು. ನಾನು ಅಲ್ಲಾಳಸಂದ್ರದಿಂದ ಬಂದು ಅಲ್ಲಿ ಕಾಲರ್ ಹೊಲಿಯಲು ಸೇರಿದೆ.

ಶನಿವಾರ ಸಂಜೆ ಅಲ್ಲೊಂದು ಪದ್ಧತಿ. ಎಲ್ಲರೂ ಕಟಿಂಗ್ ಮೇಜಿನ ಸುತ್ತ ಕುರ್ಚಿಯಲ್ಲಿ ಕೂರಬೇಕು. ಯಜಮಾನರು ಮಾತ್ರ ಒಂದು ಗಿಡ್ಡ ಸ್ಟೂಲಿನ ಮೇಲೆ. ನಡುವೆ ಅವರ ಮನೆಯವರು ಕರಿದು ಕಳಿಸಿದ ಬೋಂಡದ ಬುಟ್ಟಿ. ಕೆಲಸದ ಜಾಗದ ಬಗ್ಗೆ ಯಾರು ಚೆನ್ನಾಗಿ ದೂರುತ್ತಾರೋ ಅವರಿಗೆ ಮೊದಲ ಬೋಂಡ! ಬಾತ್‌ರೂಮಿನ ಚಿಲಕ, ಫ್ಯಾನಿನ ಕಿರಿಕಿರಿ, ಯಜಮಾನರ ಹಾಡು, ಯಾವುದನ್ನೂ ಬಿಡುತ್ತಿರಲಿಲ್ಲ. ಸೋಮವಾರ ಅವರೇ ಸ್ಕ್ರೂಡ್ರೈವರ್ ಹಿಡಿದು ಚಿಲಕ ಸರಿಮಾಡುತ್ತಿದ್ದರು. ಹಾಡು ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ. ಹೆಬ್ಬಾಳದ ಗಾಜಿನ ಕಟ್ಟಡಗಳ ಕಂಪನಿಗಳಲ್ಲಿ ಹೀಗೆ ಕೆಲಸದವರ ದೂರು ಕೇಳುವ ವಿದ್ಯೆಗೆ ತರಬೇತಿಯೇ ಇದೆಯಂತೆ. ಅಲ್ಲಿ ಬೋಂಡ ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ.

ಒಂದು ಬೇಸಿಗೆಯಲ್ಲಿ, ಶಾಲೆ ತೆರೆಯುವ ಮುಂಚಿನ ಮೈಮುರಿಯುವ ಕೆಲಸದ ನಡುವೆ, ಯಶವಂತಪುರದ ಕಡೆ ದೊಡ್ಡ ಗಾರ್ಮೆಂಟ್ಸ್ ಒಂದು ಶುರುವಾಯಿತು. ನಾವು ಹೆಂಗಸರೆಲ್ಲ ಸೋಮವಾರದಿಂದ ಅಲ್ಲಿಗೆ ಹೋಗುವುದೆಂದು ಗುಟ್ಟಾಗಿ ಮಾತಾಡಿಕೊಂಡೆವು. ನಾವು ಹೋದರೆ ಇವರ ಬಾಗಿಲಿಗೆ ಬೀಗವೇ. ಹೇಳಲು ಯಾರಿಗೂ ಮುಖವಿರಲಿಲ್ಲ. ಆ ಶನಿವಾರ ಒಬ್ಬೊಬ್ಬರೂ ಎಲ್ಲ ಚೆನ್ನಾಗಿದೆ ಎಂದೆವು. ನಾನಂತೂ ಅವರ ಹಾಡನ್ನೂ ಹೊಗಳಿಬಿಟ್ಟೆ.

ಯಜಮಾನರು ಬೋಂಡ ಮುಟ್ಟಲಿಲ್ಲ. ಆವತ್ತು ತಡಕಾಡದೆ ನೇರವಾಗಿ ಕಿವಿಯಿಂದ ಚಾಕ್ ತೆಗೆದು ಬೆರಳಲ್ಲಿ ತಿರುಗಿಸಿದರು.

“ಬೈಯೋರು ನಿಲ್ತಾರೆ ಕಣ್ರಮ್ಮ. ಎಲ್ಲಾ ಚೆನ್ನಾಗದೆ ಅನ್ನೋರು ಓಗೋರು. ಓಗಿ, ಬ್ಯಾಡ ಅನ್ನಕಿಲ್ಲ. ಒಂದ್ ಮಾತು ತಿಳಿಸ್ದೆ ಮಾತ್ರ ಓಗ್ಬ್ಯಾಡಿ.”

ನನಗೆ ತಡೆಯಲಾಗಲಿಲ್ಲ. ರಜೆಯಲ್ಲಿ ಮಕ್ಕಳನ್ನು ಮನೆಯೊಳಗೆ ಕೂಡಿಹಾಕಿ ಬರುತ್ತಿದ್ದೇವೆ, ಆ ಹೊಸ ಗಾರ್ಮೆಂಟ್ಸಿನಲ್ಲಿ ಮಕ್ಕಳಿಗೆಂದೇ ಒಂದು ಕೋಣೆ ಇದೆ ಎಂದೆ. ಇದನ್ನು ಯಾಕೆ ದೂರಲಿಲ್ಲ ಎಂದು ಕೇಳಿದರು. ಅದು ಮನೆಯ ವಿಷಯವಲ್ಲವೇ ಎಂದೆ.

“ಮನಸ್ಸು ಅಲ್ಲಿ ಬಿಟ್ಟು ಬಂದ್ರೆ ಕಾಲರ್ ಇಲ್ಲಿ ನೆಟ್ಟಗೆ ಬತ್ತದಾ ತಾಯಿ?” ಎಂದವರು, ಸೋಮವಾರ ಮಕ್ಕಳನ್ನು ಕರೆತಂದು ಒಮ್ಮೆ ನೋಡಿ, ಆಮೇಲೆ ನಿಮ್ಮಿಷ್ಟ ಎಂದರು.

ಸೋಮವಾರ ಬಂದು ನೋಡಿದರೆ ಅವರ ಮೇಜು ಮೆಟ್ಟಿಲ ಕೆಳಗಿತ್ತು. ಕಟ್ಟಡಕ್ಕೆಲ್ಲ ಒಂದೇ ಒಂದು ಏಸಿ ಇದ್ದ ಅವರ ಕೋಣೆಯಲ್ಲಿ ಚಾಪೆ, ಆಟಿಕೆ, ಮಕ್ಕಳನ್ನು ನೋಡಿಕೊಳ್ಳಲು ಅವರ ಮನೆಯವರು. ಮಧ್ಯಾಹ್ನದ ಹೊತ್ತಿಗೆ ಗೋಡೆ ತುಂಬ ನೀಲಿ ಚಾಕಿನ ಆನೆಗಳು. ಯಶವಂತಪುರಕ್ಕೆ ಯಾರೂ ಹೋಗಲಿಲ್ಲ. ಶಾಲೆ ತೆರೆಯುವ ಮುಂಚೆಯೇ ಯೂನಿಫಾರ್ಮ್ ಹೊರಟವು. ಅಷ್ಟು ಖುಷಿಯಾಗಿ ನಾನು ಎಂದೂ ಹೊಲಿದಿರಲಿಲ್ಲ.

ಹೋದ ವರ್ಷ ಯಜಮಾನರು ನಿದ್ದೆಯಲ್ಲೇ ತೀರಿಕೊಂಡರು. ತಿಥಿಯ ದಿನ ಫೋಟೋದ ಮುಂದೆ ಎಡೆಯಲ್ಲಿ ಬೋಂಡವೂ ಇತ್ತು. ಆವತ್ತು ಶನಿವಾರ ಬೇರೆ. ಯಾರೋ ಅವರ ಹಾಡಿನ ಬಗ್ಗೆ ದೂರಿದರು, ಇನ್ಯಾರೋ ಚಾಕ್ ಹುಡುಕಾಟದ ಬಗ್ಗೆ. ತಿಥಿಮನೆ ಎಂಬುದನ್ನೂ ಮರೆತು ನಕ್ಕೆವು. ನನ್ನ ಸರದಿ ಬಂದಾಗ ಫೋಟೋ ನೋಡಿ ಹೇಳಿದೆ.

“ತಿಳಿಸ್ದೆ ಹೋಗ್ಬೇಡಿ ಅಂದೋರು ನೀವು, ಯಜಮಾನ್ರೇ. ನೀವೇ ಹಂಗೆ ಹೋಗ್ಬಿಟ್ರಲ್ಲ.”

ಅವರ ಮನೆಯವರು ಕಣ್ಣೊರೆಸಿಕೊಂಡು ನಗುತ್ತಲೇ ಬುಟ್ಟಿ ತಂದು, ಮೊದಲ ಬೋಂಡವನ್ನು ನನ್ನ ಕೈಗಿಟ್ಟರು.